ಪಯ್ಯನಾಡಿನಲ್ಲಿ ಹತ್ತು ಗೋಲಿನ ರಾತ್ರಿ

2022ರ ಏಪ್ರಿಲ್ ಕೊನೆಯ ವಾರ. ರಾಜ್ಯ ರಾಜ್ಯಗಳ ನಡುವಿನ ಫುಟ್ಬಾಲ್ ಟೂರ್ನಿ ಸಂತೋಷ್ ಟ್ರೋಫಿಯ ಗುಂಪು ಹಂತದ ಕೊನೆಯ ಪಂದ್ಯದಲ್ಲಿ ಕರ್ನಾಟಕ 4-0ಯಿಂದ ಗುಜರಾತನ್ನು ಸೋಲಿಸಿತು. ಅಲ್ಲಿಗೆ ಸೆಮಿಫೈನಲ್ ಜೋಡಿ ಖಚಿತವಾಯಿತು: ಏಪ್ರಿಲ್ 28ರ ರಾತ್ರಿ, ಮಂಜೇರಿಯ ಪಯ್ಯನಾಡು ಸ್ಟೇಡಿಯಂನಲ್ಲಿ ಕೇರಳ ಮತ್ತು ಕರ್ನಾಟಕ. ಸ್ವಲ್ಪ ಹೊತ್ತಿಗೆ ಮೊಗ್ರಾಲಿನ ಗೆಳೆಯನ ಫೋನು ಬಂತು. "ಹೋಗುವ ಮಾರಾಯ. ಗಾಡಿ ನಾನು ತೆಗೀತೇನೆ. ಆದ್ರೆ ಮೊದ್ಲು ಹೇಳು, ನೀನು ಯಾರ ಕಡೆ?"

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕನ್ನಡಿಗರಿಗೆ ಈ ಪ್ರಶ್ನೆ ಹೊಸತಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಹಿರಿಯರು ಅದನ್ನು ಬೇರೆ ಬೇರೆ ರೂಪದಲ್ಲಿ ಕೇಳಿಸಿಕೊಂಡೇ ಬಂದಿದ್ದಾರೆ. ನಾನು ಓದಿದ್ದು ಕನ್ನಡ ಮಾಧ್ಯಮದ ಶಾಲೆಯಲ್ಲಿ. ಮನೆಗೆ ಬರುವುದು ಮಂಗಳೂರಿನ ಪೇಪರು. ಕರ್ನಾಟಕ ರಣಜಿ ಗೆದ್ದರೆ ನಮ್ಮ ಮನೆಯಲ್ಲಿ ಸಂಭ್ರಮ. ಆದರೆ ಫುಟ್ಬಾಲ್ ನನಗೆ ಪೇಪರಿನಿಂದ ಬಂದದ್ದಲ್ಲ, ಗದ್ದೆಯಿಂದ ಬಂದದ್ದು. ಕೊಯ್ಲು ಮುಗಿದ ಗದ್ದೆಯಲ್ಲಿ ಅಡಿಕೆ ಸಲಾಕೆಯ ಗೋಲ್ ಕಂಬ ನೆಟ್ಟು, ಮೊಗ್ರಾಲಿನ ಹುಡುಗರೊಟ್ಟಿಗೆ ಬರಿಗಾಲಲ್ಲಿ ಆಡಿ ಕಲಿತದ್ದು. ಮೊಗ್ರಾಲ್ ಎಂದರೆ ಮಾಪ್ಪಿಳಪ್ಪಾಟ್ಟು, ಅಂದರೆ ಮಾಪ್ಪಿಳ ಮುಸ್ಲಿಮರ ಹಾಡು, ಮತ್ತು ಫುಟ್ಬಾಲ್. ವಿಶ್ವಕಪ್ ಬಂದರೆ ಆ ಊರಿನ ರಸ್ತೆಯ ಒಂದು ಬದಿ ಅರ್ಜೆಂಟೀನಾ, ಇನ್ನೊಂದು ಬದಿ ಬ್ರೆಜಿಲ್. ಜಿಲ್ಲೆಯ ದಕ್ಷಿಣ ತುದಿಯ ತೃಕ್ಕರಿಪುರವಂತೂ ಆಟಗಾರರನ್ನೇ ಬೆಳೆಯುವ ಮಣ್ಣು. 2016ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ಪರ ಗೋಲು ಹೊಡೆದ ಮೊಹಮ್ಮದ್ ರಾಫಿ ಅಲ್ಲಿಯವರು. ಹಾಗಾಗಿ ಸಂತೋಷ್ ಟ್ರೋಫಿಯಲ್ಲಿ ಕೇರಳ ತಂಡ ನನಗೆ ಚಿಕ್ಕಂದಿನಿಂದಲೂ ನಮ್ಮ ತಂಡ. ಅದನ್ನೇ ಗೆಳೆಯನಿಗೆ ಹೇಳಿದೆ. "ಕೇರಳ. ಆದ್ರೆ ಕರ್ನಾಟಕ ಗೋಲು ಹಾಕಿದ್ರೆ ನಾನು ಕೈ ಕಟ್ಟಿ ಕೂತುಕೊಳ್ಳುವುದಿಲ್ಲ." "ಅಷ್ಟು ಸಾಕು, ಹೊರಡು" ಅಂದ.

ಆ ವರ್ಷ ನಡೆದದ್ದು 75ನೇ ಸಂತೋಷ್ ಟ್ರೋಫಿ. ಮಲಪ್ಪುರಂ ಜಿಲ್ಲೆಗೆ ಆತಿಥ್ಯ ಸಿಕ್ಕಿತ್ತು. ಕೆಲವು ಪಂದ್ಯ ಮಲಪ್ಪುರಂ ಪೇಟೆಯ ಕೋಟ್ಟಪ್ಪಡಿಯಲ್ಲಿ, ಕೇರಳದ ಪಂದ್ಯಗಳೆಲ್ಲ ಪಯ್ಯನಾಡಿನಲ್ಲಿ. ಕೇರಳ ಆಡಿದ ರೀತಿ ನೋಡಿದರೆ ಮನೆಯಲ್ಲಿ ಕೂರಲು ಸಾಧ್ಯವಿರಲಿಲ್ಲ. ಮೊದಲ ಪಂದ್ಯದಲ್ಲಿ ರಾಜಸ್ಥಾನದ ಮೇಲೆ 5-0, ಅದರಲ್ಲಿ ನಾಯಕ ಜಿಜೊ ಜೋಸೆಫ್ ಅವರ ಹ್ಯಾಟ್ರಿಕ್. ಆಮೇಲೆ ಬಂಗಾಳದ ಮೇಲೆ 2-0. ಈ ಟ್ರೋಫಿಯನ್ನು ಎಲ್ಲರಿಗಿಂತ ಹೆಚ್ಚು ಸಲ ಗೆದ್ದ ಬಂಗಾಳವನ್ನು ಹಾಗೆ ಮಣಿಸಿದ ರಾತ್ರಿಯೇ ನಮ್ಮಲ್ಲಿ ಅನೇಕರಿಗೆ ಈ ಸಲ ಕಪ್ಪು ನಮಗೇ ಅನ್ನಿಸಿಬಿಟ್ಟಿತ್ತು. ಮೇಘಾಲಯದ ಜೊತೆ 2-2 ಸಮ, ಪಂಜಾಬಿನ ಮೇಲೆ 2-1 ಗೆಲುವು. ಕೇರಳ ಗುಂಪಿನಲ್ಲಿ ಮೊದಲ ಸ್ಥಾನ. ಎರಡು ವರ್ಷ ಕೊರೊನಾ ಎಲ್ಲ ಮೈದಾನಗಳನ್ನೂ ಮುಚ್ಚಿಸಿತ್ತು, ಐಎಸ್‌ಎಲ್ ಕೂಡ ಗೋವಾದ ಖಾಲಿ ಸ್ಟೇಡಿಯಂಗಳಲ್ಲಿ ನಡೆದಿತ್ತು. ಗ್ಯಾಲರಿಯಲ್ಲಿ ಕೂತು ಕೂಗದೆ ಜನರ ಗಂಟಲು ಒಣಗಿತ್ತು.

ನಾವು ಐದು ಜನ ಹೊರಟೆವು. ಅದು ರಂಜಾನ್ ತಿಂಗಳು. ಇಬ್ಬರಿಗೆ ಉಪವಾಸ. ಉಳಿದ ಮೂವರೂ ದಾರಿಯಲ್ಲಿ ಅವರೆದುರು ತಿನ್ನುವುದು ಬೇಡವೆಂದು ಮನೆಯಲ್ಲೇ ಹೊಟ್ಟೆ ತುಂಬಿಸಿಕೊಂಡು ಬಂದಿದ್ದೆವು. ಕುಂಬಳೆಯಿಂದ ಮಂಜೇರಿಗೆ ಇನ್ನೂರು ಕಿಲೋಮೀಟರಿಗೂ ಮೇಲೆ. ರಾಷ್ಟ್ರೀಯ ಹೆದ್ದಾರಿ 66ರ ಆರು ಲೇನ್ ಕೆಲಸ ಆಗಷ್ಟೇ ಜೋರಾಗಿತ್ತು. ಎರಡೂ ಬದಿಯ ಮರಗಳು ಹೋಗಿ, ಅಂಗಡಿಗಳ ಮುಂಭಾಗ ಕತ್ತರಿಸಿ, ಎಲ್ಲಿ ನೋಡಿದರೂ ಕೆಂಪು ಮಣ್ಣು ಮತ್ತು ಜೆಸಿಬಿ. ಹುಟ್ಟಿದಂದಿನಿಂದ ಓಡಾಡಿದ ರಸ್ತೆಯಲ್ಲೇ ತಿರುವು ಎಲ್ಲಿ ಎಂದು ಹುಡುಕಬೇಕಾದ ಸ್ಥಿತಿ. ಮಾಹೆ ತಲುಪಿದಾಗ ಎಲ್ಲರಂತೆ ನಾವೂ ಪೆಟ್ರೋಲ್ ಬಂಕಿನ ಸಾಲಿನಲ್ಲಿ ನಿಂತೆವು. ಪುದುಚೇರಿಗೆ ಸೇರಿದ ಆ ಚಿಕ್ಕ ಪೇಟೆಯಲ್ಲಿ ತೆರಿಗೆ ಕಡಿಮೆ, ಪೆಟ್ರೋಲ್ ಅಗ್ಗ. ಅಲ್ಲಿಂದ ವಡಗರ, ಕೊಯಿಲಾಂಡಿ, ಕೋಝಿಕ್ಕೋಡ್ ಬೈಪಾಸ್. ರಾಮನಾಟ್ಟುಕರದಲ್ಲಿ ಒಳಕ್ಕೆ ತಿರುಗಿ ಕೊಂಡೋಟ್ಟಿ ಕಡೆಗೆ ಹೋಗುತ್ತಿದ್ದ ಹಾಗೆ ಎದುರುಗಡೆ, ಹಿಂದುಗಡೆ ಎಲ್ಲ ಅದೇ ಜನ. ಬೈಕಿನಲ್ಲಿ ಮೂವರು, ಜೀಪಿನ ಹಿಂದೆ ನೇತಾಡುವ ಹುಡುಗರು, ಬಾವುಟ, ಪೀಪಿ.

ಮಂಜೇರಿ ಮುಟ್ಟುವಾಗ ಹೊತ್ತು ಮುಳುಗುವ ಸಮಯ. ಪಯ್ಯನಾಡಿಗೆ ಹೋಗುವ ಪಾಂಡಿಕ್ಕಾಡ್ ರಸ್ತೆಯಲ್ಲಿ ವಾಹನಗಳು ನಿಂತುಬಿಟ್ಟಿದ್ದವು. ಗಾಡಿಯನ್ನು ಒಂದು ತೋಟದ ಬದಿಯಲ್ಲಿ ನಿಲ್ಲಿಸಿ ನಡೆದೆವು. ಬಾಂಗ್ ಕೇಳಿದಾಗ ನಾವಿದ್ದದ್ದು ರಸ್ತೆ ಬದಿಯ ಸಣ್ಣ ಮಸೀದಿಯೊಂದರ ಎದುರು. ಅಲ್ಲಿಯ ಒಬ್ಬರು ಹಿರಿಯರು ಗೆಳೆಯರಿಬ್ಬರನ್ನು ಮಾತ್ರವಲ್ಲ, ನಮ್ಮನ್ನೂ ಕೈಹಿಡಿದು ಒಳಗೆ ಕರೆದರು. ಚಾಪೆಯ ಮೇಲೆ ಖರ್ಜೂರ, ಕಲ್ಲಂಗಡಿ ಹೋಳು, ಸ್ಟೀಲ್ ಲೋಟದಲ್ಲಿ ಬಿಸಿ ತರಿಗಂಜಿ. ರವೆಯನ್ನು ಹಾಲಿನಲ್ಲಿ ತೆಳ್ಳಗೆ ಬೇಯಿಸಿ, ತುಪ್ಪದಲ್ಲಿ ಸಣ್ಣ ಈರುಳ್ಳಿ, ಗೋಡಂಬಿ ಹುರಿದು ಹಾಕಿದ ಸಿಹಿ ಗಂಜಿ ಅದು. ಈರುಳ್ಳಿಯ ಆ ಘಮ ಸಿಹಿಗೆ ಹೇಗೆ ಒಗ್ಗುತ್ತದೆಂದು ತಿಂದವರಿಗೇ ಗೊತ್ತು. ಕುಡಿದು ಮುಗಿಸುವ ಮೊದಲೇ ಇನ್ನೊಂದು ಲೋಟ. "ಕಾಸರಗೋಡಿನಿಂದ ಪಂದ್ಯ ನೋಡಲು ಬಂದವರು" ಎಂದು ಅವರು ಪಕ್ಕದವರಿಗೆ ಹೇಳಿದ ಧಾಟಿಯಲ್ಲಿ ನೆಂಟರು ಬಂದ ಹೆಮ್ಮೆ ಇತ್ತು. ಮಲಪ್ಪುರಂನಲ್ಲಿ ಚೆಂಡಿನ ಹೆಸರು ಹೇಳಿಕೊಂಡು ಬಂದವನು ಹಸಿದು ಹೋಗುವುದಿಲ್ಲ ಎಂದು ಮೊದಲೇ ಕೇಳಿದ್ದೆ. ನಿಜ.

ಗೇಟಿನ ಹತ್ತಿರ ನೂಕುನುಗ್ಗಲು. ಟಿಕೆಟ್ ಕೈಯಲ್ಲಿದ್ದರೂ ಒಳಗೆ ಹೋಗುವ ತನಕ ನಂಬಿಕೆ ಇಲ್ಲ. ತುಂಬಿತೆಂದು ಗೇಟು ಮುಚ್ಚಿಬಿಟ್ಟರೆ ಟಿಕೆಟ್ ತೋರಿಸಿ ಏನು ಮಾಡುವುದು. ಒಬ್ಬರ ಅಂಗಿ ಒಬ್ಬರು ಹಿಡಿದು ಸಾಲಾಗಿ ನುಗ್ಗಿದೆವು. ಒಳಗೆ ಕಾಲಿಟ್ಟಾಗ ಫ್ಲಡ್‌ಲೈಟ್ ಬೆಳಕಿನಲ್ಲಿ ಆ ಹುಲ್ಲು ಕಂಡಿತು. ಟಿವಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಆದರೆ ಕಣ್ಣೆದುರು ಹರಡಿಕೊಂಡ ಆ ಹಸುರನ್ನು ಕಂಡಾಗ ಎದೆಯಲ್ಲಿ ಆಗುವುದೇ ಬೇರೆ. ಗ್ಯಾಲರಿಯ ಸಿಮೆಂಟ್ ಮೆಟ್ಟಿಲಿನಲ್ಲಿ ಗೋಲ್ ಕಂಬದ ಓರೆಗೆ ಐವರಿಗೂ ಒತ್ತೊತ್ತಾಗಿ ಜಾಗ ಸಿಕ್ಕಿತು. ಸೆಕೆ ಎಂದರೆ ಸೆಕೆ. ಗಾಳಿಯೇ ಇಲ್ಲ. ಆಟ ಶುರುವಾಗುವ ಮೊದಲೇ ಎಲ್ಲರ ಅಂಗಿ ಬೆನ್ನಿಗಂಟಿತ್ತು.

ಮಲಪ್ಪುರಂ ಗ್ಯಾಲರಿಯ ವಿಶೇಷ ಅಲ್ಲಿಯ ತಿಳಿವಳಿಕೆ. ಗಲಾಟೆ ಎಲ್ಲ ಕಡೆಯೂ ಇದೆ. ಆದರೆ ಅಲ್ಲಿ ಗೋಲಿಗಷ್ಟೇ ಅಲ್ಲ, ಚೆಂಡು ಕಾಲಿಗೆ ಅಂಟಿದಂತೆ ನಿಂತರೂ ಕೈಚಪ್ಪಾಳೆ. ಡಿಫೆಂಡರ್ ಸರಿಯಾದ ಹೊತ್ತಿಗೆ ಕಾಲು ಚಾಚಿದರೂ ಚಪ್ಪಾಳೆ. ಸೆವೆನ್ಸ್ ನೋಡಿ ಬೆಳೆದ ಜನ. ಅಡಿಕೆ ಮರದ ಗ್ಯಾಲರಿ ಕಟ್ಟಿ ನವೆಂಬರಿನಿಂದ ಮಳೆಗಾಲದವರೆಗೆ ಊರೂರಲ್ಲಿ ಏಳು ಜನರ ಟೂರ್ನಿ ನಡೆಸುವವರು. ನನ್ನ ಬಲಕ್ಕೆ ಕೂತಿದ್ದ ಬಿಳಿಗಡ್ಡದವರು ಆಟ ಶುರುವಾಗಿ ಐದು ನಿಮಿಷಕ್ಕೇ ಹೇಳಿದ್ದರು: "ಕರ್ನಾಟಕದವರು ಹಿಂದೆ ಕೂರುವುದಿಲ್ಲ, ಮುಂದೆ ಬರುತ್ತಾರೆ. ಇದು ಗೋಲಿನ ಪಂದ್ಯ." ಎರಡು ತಂಡದ ಕೋಚ್‌ಗಳೂ ಮಲಯಾಳಿಗಳೇ ಎಂದು ಅವರು ಹೇಳಿದಾಗಲೇ ನನಗೆ ನೆನಪಾದದ್ದು. ಕೇರಳಕ್ಕೆ ಬಿನೊ ಜಾರ್ಜ್, ಕರ್ನಾಟಕಕ್ಕೆ ಬಿಬಿ ತೋಮಸ್. ಗಡಿಯ ಈಚೆ ಕೂತು ನಾವು ಯಾರ ಕಡೆ ಎಂದು ಕೇಳಿಕೊಳ್ಳುತ್ತಿದ್ದರೆ ಅತ್ತ ಕೆಲಸದ ಜನ ತಮ್ಮ ಪಾಡಿಗೆ ಗಡಿ ದಾಟಿ ಆಗಿತ್ತು.

ಮೊದಲ ಇಪ್ಪತ್ತು ನಿಮಿಷ ಕೇರಳ ಒತ್ತಿತು, ಗೋಲು ಬರಲಿಲ್ಲ. 25ನೇ ನಿಮಿಷದಲ್ಲಿ ಸುಧೀರ್ ಕೋಟಿಕೆಲ ಕರ್ನಾಟಕಕ್ಕೆ ಗೋಲು ತಂದರು. ಅಷ್ಟು ಸಾವಿರ ಜನರ ಸದ್ದು ಒಮ್ಮೆಗೇ ಕೆಳಗಿಳಿಯಿತು. ಆ ನಡುವೆ ನನ್ನ ಎರಡು ಕೈ ತಟ್ಟುವ ಶಬ್ದ ನನಗೇ ಕೇಳಿಸಿತು. ಎದ್ದು ನಿಂತಿದ್ದೆ. ಎದುರಿನ ಸಾಲಿನವರು ತಿರುಗಿ ನೋಡಿದರು. "ನೀವು ಕರ್ನಾಟಕದವರೋ?" ಬಿಳಿಗಡ್ಡದವರು ಕೇಳಿದರು. ಕಾಸರಗೋಡು, ಮನೆಮಾತು ಕನ್ನಡ ಎಂದೆ. "ಹಾಗಾದರೆ ನಿಮಗೆ ಇವತ್ತು ನಷ್ಟವೇ ಇಲ್ಲ" ಎಂದು ಪಕ್ಕದ ಹುಡುಗ ನಕ್ಕ. ನಷ್ಟವಿಲ್ಲ ಎನ್ನುವುದು ಸುಳ್ಳು. ಆ ಗೋಲು ಬಿದ್ದಾಗ ಖುಷಿ ಆದದ್ದೂ ನಿಜ, ಇನ್ನು ಕೇರಳ ಸೋತರೆ ಈ ಸೀಸನ್ ಇಲ್ಲಿಗೇ ಮುಗಿಯಿತಲ್ಲ ಎಂದು ಹೊಟ್ಟೆಯಲ್ಲಿ ಕಲಸಿದಂತಾದದ್ದೂ ನಿಜ. ಎರಡೂ ಕಡೆಯವರಿಗೆ ನೋವೂ ಎರಡು ಪಾಲು.

ಮೂವತ್ತನೇ ನಿಮಿಷಕ್ಕೆ ಬದಲಾವಣೆಯ ಬೋರ್ಡು ಮೇಲೇರಿತು. ವಿಘ್ನೇಶ್ ಹೊರಗೆ, ಜೆಸಿನ್ ಒಳಗೆ. ನಮ್ಮ ಸುತ್ತ ಗುಜುಗುಜು. ಅರ್ಧ ಗಂಟೆಗೇ ಸ್ಟ್ರೈಕರನ್ನು ತೆಗೆಯುವುದೆಂದರೆ ದೊಡ್ಡ ಮಾತು. ಗಾಯವಾಗದೆ ಯಾವ ಕೋಚೂ ಸುಲಭಕ್ಕೆ ಮಾಡುವುದಿಲ್ಲ. ಆದರೆ ಹಿಂದಿನ ಸಾಲಿನ ಹುಡುಗರು ಮಾತ್ರ ಎದ್ದು ಕುಣಿಯತೊಡಗಿದರು. ಟಿ.ಕೆ. ಜೆಸಿನ್ ನಿಲಂಬೂರಿನ ಹುಡುಗ, ಮಂಬಾಡ್ ಎಂಇಎಸ್ ಕಾಲೇಜಿನಲ್ಲಿ ಆಡಿದವನು, ತಂದೆ ಆಟೋ ಓಡಿಸುವವರು. ಮಂಜೇರಿಗೆ ಅದು ಪಕ್ಕದ ಊರು. ಅವರ ಪಾಲಿಗೆ ಮೈದಾನಕ್ಕೆ ಇಳಿದದ್ದು ಕೇರಳದ ಆಟಗಾರ ಮಾತ್ರವಲ್ಲ, ಸಂಜೆ ಹೊತ್ತು ತಮ್ಮೊಟ್ಟಿಗೆ ಆಡುವವನು.

ಬಂದು ಐದೇ ನಿಮಿಷಕ್ಕೆ, 35ರಲ್ಲಿ, ಜೆಸಿನ್ ಸಮ ಮಾಡಿದ. ನಮ್ಮ ಜಾಗದಿಂದ ಚೆಂಡು ನೆಟ್ಟಿಗೆ ಹೋದದ್ದು ಕಾಣಲಿಲ್ಲ. ಎದುರಿನ ತಲೆಗಳೆಲ್ಲ ಒಮ್ಮೆಗೇ ಮೇಲಕ್ಕೆ ಎದ್ದವು, ಅದೇ ನಮಗೆ ಗೋಲು. 42ನೇ ನಿಮಿಷಕ್ಕೆ ಇನ್ನೊಂದು. ಇದನ್ನು ಸರಿಯಾಗಿ ನೋಡಬೇಕೆಂದು ಮೆಟ್ಟಿಲಿನ ಅಂಚಿಗೆ ನಿಂತಿದ್ದೆ, ನೋಡಿದೆ. ಅವನ ಓಟ ನೋಡುವುದೇ ಒಂದು ಸುಖ. ಚೆಂಡು ಬರುವ ಮೊದಲೇ ಡಿಫೆಂಡರ್‌ನ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಹೊರಟಿರುತ್ತಾನೆ. ಅವನು ತಿರುಗುವಾಗ ಇವನು ಆಗಲೇ ಎರಡು ಹೆಜ್ಜೆ ಮುಂದೆ. 44ಕ್ಕೆ ಮೂರನೆಯದು. ಬೆಂಚಿನಿಂದ ಎದ್ದು ಬಂದವನು ಹದಿನೈದು ನಿಮಿಷದೊಳಗೆ ಹ್ಯಾಟ್ರಿಕ್ ಮುಗಿಸಿದ್ದ. ಹಿಂದಿನ ಹುಡುಗರಲ್ಲಿ ಒಬ್ಬ ಅಳುತ್ತಿದ್ದ, ಇನ್ನೊಬ್ಬ ಗೊತ್ತಿಲ್ಲದ ನನ್ನ ಹೆಗಲ ಮೇಲೆ ಹತ್ತಿಬಿಟ್ಟಿದ್ದ. ಅವನನ್ನು ಇಳಿಸುವಷ್ಟರಲ್ಲಿ ಶಿಘಿಲ್ ಇನ್ನೊಂದು ಗೋಲು ಹೊಡೆದಾಗಿತ್ತು. ವಿರಾಮಕ್ಕೆ 4-1.

ವಿರಾಮದ ಆ ಹದಿನೈದು ನಿಮಿಷ ಯಾರೂ ಕೂತಿರಲಿಲ್ಲ. ಮೊಬೈಲುಗಳ ಬೆಳಕು ಗ್ಯಾಲರಿಯ ಸುತ್ತ ಹೊತ್ತಿತು. ಹಾಲಿಲ್ಲದ ಕಟ್ಟನ್ ಚಹಾ ಕೈಯಿಂದ ಕೈಗೆ ಬಂತು. ದುಡ್ಡು ಅದೇ ದಾರಿಯಲ್ಲಿ ವಾಪಸ್ ಹೋಯಿತು, ಚಿಲ್ಲರೆಯೂ ಸರಿಯಾಗಿ ಬಂತು. ಬಿಳಿಗಡ್ಡದವರು ನನಗೆ ಒಂದು ಚಹಾ ಕೊಡಿಸಿದರು. ಹಳೆಯ ಮೈಸೂರು ತಂಡದ ಬಗ್ಗೆ ಅವರಿಗೆ ಗೊತ್ತಿತ್ತು. ಮೈಸೂರು ಹೆಸರಿನಲ್ಲಿ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದ ರಾಜ್ಯ ಅದು, ಕೊನೆಯದು 1968-69ರಲ್ಲಿ; ಕೇರಳ ಮೊದಲ ಸಲ ಗೆದ್ದದ್ದು 1973ರಲ್ಲಿ, ಎರ್ನಾಕುಳಂನಲ್ಲಿ. "ನಾವು ಕಲಿಯುವಾಗ ಅವರು ದೊಡ್ಡವರು" ಎಂದರು. ಸೋಲುತ್ತಿರುವ ತಂಡದ ಬಗ್ಗೆ ಗೆಲ್ಲುತ್ತಿರುವ ಊರಿನವರು ಹಾಗೆ ಮಾತಾಡುವುದನ್ನು ಬೇರೆಲ್ಲೂ ನಾನು ಕೇಳಿಲ್ಲ.

ಎರಡನೇ ಅರ್ಧವನ್ನು ಬರೀ ಅಂಕಿಯಲ್ಲಿ ಹೇಳಿದರೆ ಕರ್ನಾಟಕಕ್ಕೆ ಅನ್ಯಾಯವಾಗುತ್ತದೆ. 54ರಲ್ಲಿ ಕಮಲೇಶ್ ಗೋಲು ಹಾಕಿ 4-2 ಮಾಡಿದಾಗ ಸುತ್ತಲಿನವರು ಗಂಭೀರರಾದರು. ಆಟ ಇನ್ನೂ ಮುಗಿದಿಲ್ಲ ಎನ್ನುವುದು ಎಲ್ಲರ ಮುಖದಲ್ಲೂ ಇತ್ತು. ಎರಡೇ ನಿಮಿಷಕ್ಕೆ ಜೆಸಿನ್ ನಾಲ್ಕನೆಯದು. 62ರಲ್ಲಿ ಅರ್ಜುನ್ ಜಯರಾಜ್. 6-2. ಇಷ್ಟಾದ ಮೇಲೆ ಯಾವ ತಂಡವಾದರೂ ಹಿಂದೆ ಸರಿದು ಮಾನ ಉಳಿಸಿಕೊಂಡರೆ ಸಾಕೆನ್ನುತ್ತದೆ. ಕರ್ನಾಟಕ ಹಾಗೆ ಮಾಡಲಿಲ್ಲ. ಮುಂದೆಯೇ ಬಂತು. 71ರಲ್ಲಿ ಸೊಲೈಮಲೈ ಮೂರನೇ ಗೋಲು ಹೊಡೆದಾಗ ನನ್ನೊಟ್ಟಿಗೆ ಈ ಸಲ ನಮ್ಮ ಸಾಲಿನ ಅರ್ಧ ಜನ ಚಪ್ಪಾಳೆ ತಟ್ಟಿದರು. ಹಾಗೆ ಮುಂದೆ ಬಂದದ್ದರಿಂದಲೇ ಹಿಂದೆ ಜಾಗ ಖಾಲಿಯಾಯಿತು, ಆ ಖಾಲಿ ಜಾಗದಲ್ಲೇ ಜೆಸಿನ್ ಓಡಿದ, 75ರಲ್ಲಿ ಐದನೆಯದನ್ನೂ ಹೊಡೆದ. ಆದರೂ ನನಗೆ ಆ ಹಟ ಇಷ್ಟವಾಯಿತು. ಸೆಮಿಫೈನಲ್ ಎಂಬ ಹೆದರಿಕೆಯಲ್ಲಿ ಎರಡೂ ತಂಡ ಬಾಗಿಲು ಹಾಕಿಕೊಂಡು ಆಡಿದ ಎಷ್ಟೋ ಪಂದ್ಯ ನೋಡಿದ್ದೇವೆ. ಬಾಗಿಲು ತೆರೆದಿಟ್ಟು ಆಡಿದ್ದರಿಂದಲೇ ಆ ರಾತ್ರಿ 7-3 ಎಂಬ ಅಂಕಿ ಸಾಧ್ಯವಾಯಿತು. ಅದರಲ್ಲಿ ಮೂರು ಗೋಲಿನ ಪಾಲು ಸೋತವರದ್ದು.

ಕೊನೆಯ ವಿಸಿಲ್ ಆದ ಮೇಲೂ ಜನ ಕದಲಲಿಲ್ಲ. ಜೆಸಿನ್ ಹೆಸರನ್ನು ಕೂಗುತ್ತಲೇ ಇದ್ದರು. ನಾವು ಹೊರಗೆ ಬಂದು ಗಾಡಿ ಹುಡುಕಿ ರಸ್ತೆಗೆ ಇಳಿಸುವಾಗ ನಡುರಾತ್ರಿ ಹತ್ತಿರವಾಗಿತ್ತು. ಮಂಜೇರಿ ಪೇಟೆ ಹಗಲಿನಂತೆ ಎಚ್ಚರ. ರಂಜಾನ್ ರಾತ್ರಿಗಳಲ್ಲಿ ಅಲ್ಲಿ ಅಂಗಡಿಗಳು ಮುಚ್ಚುವುದೇ ಇಲ್ಲ. ಬೆಳಗಿನ ತನಕ ಕಣ್ಣು ಬಿಟ್ಟು ಕೂರುವುದು ಯಕ್ಷಗಾನದ ಊರಾದ ಕುಂಬಳೆಯವರಿಗೆ ಕಲಿಸಿ ಕೊಡಬೇಕಾದ್ದಲ್ಲ. ಗಾಡಿಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಕಣ್ಣೂರು ದಾಟುವ ಮುಂಚೆ ಒಂದು ಹೋಟೆಲಿನಲ್ಲಿ ನಿಲ್ಲಿಸಿ ಇಬ್ಬರು ಗೆಳೆಯರು ಬಾಂಗಿಗೆ ಮೊದಲೇ ಪತ್ತಿರಿ, ಕೋಳಿ ಸಾರು ಉಂಡರು, ನಾವೂ ಉಂಡೆವು. ಅಲ್ಲಿಯ ಮಾತೆಲ್ಲ ಒಂದೇ: ಬಿನೊ ಜಾರ್ಜ್ ಜೆಸಿನ್‌ನನ್ನು ಮೊದಲೇ ಯಾಕೆ ಇಳಿಸಲಿಲ್ಲ? ಮೊದಲೇ ಇಳಿಸಿದ್ದರೆ ಡಿಫೆಂಡರ್‌ಗಳು ಅಷ್ಟು ದಣಿದಿರುತ್ತಿರಲಿಲ್ಲ, ಐದು ಗೋಲು ಬರುತ್ತಿರಲಿಲ್ಲ ಎಂದು ನಾನು. ಒಪ್ಪಿದವರು ಯಾರೂ ಇಲ್ಲ.

ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿ ಪೇಪರಿಗೆ ಕಾಯುತ್ತಿದ್ದರು. "ಕರ್ನಾಟಕ ಎಷ್ಟು ಹಾಕಿತು?" ಅದು ಅವರ ಮೊದಲ ಪ್ರಶ್ನೆ. ಮೂರು ಎಂದೆ. "ಅವರ ಮೈದಾನದಲ್ಲಿ ಮೂರು ಎಂದರೆ ಕಮ್ಮಿ ಅಲ್ಲ." ಕೇರಳ ಎಷ್ಟು ಎಂದು ಕೇಳಿದ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಜೆಸಿನ್ ಯಾರು, ಯಾವ ಊರು, ಎಷ್ಟು ಪ್ರಾಯ ಎಂದು ಎಲ್ಲ ವಿಚಾರಿಸಿದರು.

ಫೈನಲ್ ಮೇ 2ಕ್ಕೆ, ಈದ್‌ನ ಮುನ್ನಾದಿನ. ಗೆಳೆಯರಿಗೆ ಹಬ್ಬದ ಕೆಲಸ, ಮಂಜೇರಿಗೆ ಹೋಗುವ ಹಾಗಿರಲಿಲ್ಲ. ಮೊಗ್ರಾಲಿನಲ್ಲಿ ಒಬ್ಬರ ಮನೆಯಂಗಳದಲ್ಲಿ ಟಿವಿ ಹೊರಗಿಟ್ಟು ನೋಡಿದೆವು. ಎದುರಾಳಿ ಮತ್ತೆ ಬಂಗಾಳ. ಹೆಚ್ಚುವರಿ ಸಮಯದಲ್ಲಿ ದಿಲೀಪ್ ಓರಾಂವ್ ಬಂಗಾಳಕ್ಕೆ ಗೋಲು ತಂದಾಗ ಅಂಗಳದಲ್ಲಿ ಕೈಗೆ ಮೈಲಾಂಚಿ (ಮೆಹಂದಿ) ಹಾಕಿಸಿಕೊಳ್ಳುತ್ತಿದ್ದ ಮಕ್ಕಳೂ ಸುಮ್ಮನಾದರು. ಇನ್ನೇನು ಮುಗಿಯಿತು ಎನ್ನುವಾಗ, 117ನೇ ನಿಮಿಷದಲ್ಲಿ, ಬದಲಿ ಆಟಗಾರ ಸಫ್ನಾದ್ ತಲೆ ಕೊಟ್ಟು ಸಮ ಮಾಡಿದ. ಪೆನಾಲ್ಟಿಯಲ್ಲಿ 5-4. ಕೇರಳಕ್ಕೆ ಏಳನೇ ಸಂತೋಷ್ ಟ್ರೋಫಿ. ಪಟಾಕಿ ಹಬ್ಬದ್ದೋ ಕಪ್ಪಿನದ್ದೋ ಎಂದು ಯಾರೂ ಕೇಳಲಿಲ್ಲ.

ಮರುವರ್ಷ ಕೇರಳ ಸೆಮಿಫೈನಲ್ ಕೂಡ ತಲುಪಲಿಲ್ಲ. 2023ರ ಮಾರ್ಚ್ 4ರಂದು ರಿಯಾದಿನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕಪ್ಪು ಎತ್ತಿದ್ದು ಕರ್ನಾಟಕ, 54 ವರ್ಷಗಳ ನಂತರ. ಮೊಗ್ರಾಲಿನ ಗೆಳೆಯನ ಅಣ್ಣ ರಿಯಾದಿನಲ್ಲೇ ಕೆಲಸಕ್ಕಿರುವವರು. ಗ್ಯಾಲರಿಯಿಂದ ವೀಡಿಯೊ ಕಳಿಸಿದರು. ಅದನ್ನು ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. ಆ ದಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮೊದಲ ಅಭಿನಂದನೆ ಹಾಕಿದ್ದು ಗೆಳೆಯನೇ. ಅದರ ಕೆಳಗೇ ಇನ್ನೊಂದು ಸಾಲು: ಇನ್ನು ಎರಡೂ ತಂಡ ಎದುರಾಗುವ ಪಂದ್ಯ ಎಲ್ಲಿದ್ದರೂ ಗಾಡಿ ನಿನ್ನದು, ಪೆಟ್ರೋಲೂ ನಿನ್ನದೇ.